ಓಣಿಯ ಬಾಯಲ್ಲಿ ಸುರಿದ ಜಲ್ಲಿ

ನಮ್ಮ ಓಣಿಯಲ್ಲಿ ಅವಳಿಗೆ ಮುಚ್ಚಳ ಅಂತ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಎದುರಿಗೆ ಗಿರಣಿಯಕ್ಕ. ಮುಚ್ಚಳ ಅನ್ನುವುದು ಅವಳು ಬೆನ್ನು ತಿರುಗಿಸಿದ ಮೇಲೆ. ಹೆಸರಿಟ್ಟವರ ಮೇಲೆ ತಪ್ಪು ಹೊರಿಸುವ ಹಾಗೂ ಇಲ್ಲ. ಮಗಳ ಮದುವೆ ಗೊತ್ತಾಗಿದ್ದು ನಮಗೆಲ್ಲ ತಿಳಿದದ್ದು ಅವಳು ಬಂದು ಕರೆದಾಗ, ಅದೂ ಮದುವೆಯ ಹಿಂದಿನ ವಾರ. ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಾಗ ತಂಗಿ ಮನೆಗೆ ಹೋಗಿದಾಳೆ ಅಂತ ಗಂಡನ ಕೈಲಿ ಹೇಳಿಸಿದ್ದಳು. ಇಸ್ತ್ರಿಯವನ ಹೆಂಡತಿ ಯಾರನ್ನೋ ನೋಡಲು ಆಸ್ಪತ್ರೆಗೆ ಹೋದರೆ, ಪಕ್ಕದ ಹಾಸಿಗೆಯಲ್ಲೇ ಆ ತಂಗಿ ಮನೆ ಸಿಕ್ಕಿತು.

ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಓಣಿಯಲ್ಲಿ ಕೊನೆಯ ಮನೆ ಅವಳದು, ಅದಕ್ಕಿಂತ ಮೊದಲಿನದು ನನ್ನದು. ಅವಳ ಮನೆಯಾಚೆ ದಾರಿಯಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ದೊಡ್ಡ ರಸ್ತೆಯ ಹಿಟ್ಟಿನ ಗಿರಣಿಗೆ ಕಸ ಗುಡಿಸಲು ಸೇರಿಕೊಂಡಳು. ಗುಡಿಸುತ್ತ ಗುಡಿಸುತ್ತ ತೂಗುವುದು ಕಲಿತಳು, ತೂಗುತ್ತ ಬೀಸುವುದು ಕಲಿತಳು. ಆಮೇಲೆ ಗಿರಣಿಯ ಕಲ್ಲು ಸವೆದಾಗ ಉಳಿ ಹಿಡಿದು ಗೀರು ಹಾಕುವುದನ್ನೂ ಕಲಿತಳು. ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, ಇನ್ನೊಂದು ಸುತ್ತು ಬೇಕು ಅನ್ನುವಳು. ಮನೆಗೆ ಬರುವಾಗ ಹುಬ್ಬು ರೆಪ್ಪೆಯೆಲ್ಲ ಬೆಳ್ಳಗೆ. ನಲ್ವತ್ತಕ್ಕೇ ಮುದುಕಿ ಆಗಿ ಬರ್ತಾಳೆ, ಮುಖ ತೊಳೆದ್ರೆ ಮತ್ತೆ ಹುಡುಗಿ ಅಂತ ಅವಳ ಗಂಡನೇ ನಗುತ್ತಿದ್ದ.

ಗಂಡ ಬಸ್ ಡಿಪೋದ ಗೇಟಿನಲ್ಲಿ ವಾಚ್‌ಮನ್. ಒಳ್ಳೆಯ ಮನುಷ್ಯ, ಯಾರು ಕೂಗಿದರೂ ಓಡುವವನು. ಆದರೆ ಬಾಯಿಗೆ ಗೇಟಿಲ್ಲ. ಅವನಿಗೆ ಹೇಳಿದ ಮಾತು ಮೊದಲ ಬಸ್ಸಿಗೇ ಊರು ಬಿಡುತ್ತದೆ ಅಂತ ಅವಳು ಹೇಳುವುದರಲ್ಲಿ ಸುಳ್ಳಿಲ್ಲ.

ಅವಳು ಹೀಗೆ ಮುಚ್ಚಿಟ್ಟುಕೊಳ್ಳುವುದಕ್ಕೆ ಕಾರಣ ಒಂದಿದೆ. ಮೊದಲೊಮ್ಮೆ ಹೊಲಿಗೆ ಮಷೀನು ತೆಗೆದುಕೊಳ್ಳುತ್ತೇನೆ ಅಂತ ಓಣಿಗೆಲ್ಲ ಹೇಳಿಕೊಂಡಿದ್ದಳು. ಅದು ಹೇಗೋ ತಪ್ಪಿಹೋಯಿತು. ಆಮೇಲೆ ಕಂಡಕಂಡವರೆಲ್ಲ ಮಷೀನು ಬಂತಾ, ಮಷೀನು ಬಂತಾ ಅಂತ ಕೇಳಿ ಕೇಳಿ ಅವಳ ಪ್ರಾಣ ಹಿಂಡಿದರು. ಅವತ್ತೇ ನಿರ್ಧಾರ ಮಾಡಿದಳು: ಮಾತು ಮುಂದೆ ಹೋದರೆ ಕೆಲಸ ಹಿಂದೆ ಉಳಿಯುತ್ತೆ, ಇನ್ನು ಮೇಲೆ ಕೆಲಸ ಮುಂದೆ ಹೋಗಲಿ.

ಹೀಗಿರುವಾಗ ಗಿರಣಿ ಇದ್ದ ಕಟ್ಟಡವನ್ನು ಕೆಡವುತ್ತಾರೆ ಅಂತ ಆಯಿತು. ಗಿರಣಿಯ ಮಾಲೀಕರಿಗೆ ವಯಸ್ಸಾಗಿದೆ, ಮಕ್ಕಳಿಗೆ ಹಿಟ್ಟಿನ ಧೂಳು ಬೇಡ. ಒಂದು ದಿನ ಅವಳನ್ನು ಕರೆದು ಹೇಳಿದರಂತೆ: “ನೋಡಮ್ಮ, ಈ ಮಷೀನನ್ನ ನನಗಿಂತ ಚೆನ್ನಾಗಿ ನೀನು ಬಲ್ಲೆ. ನಿಂಗೆ ಬೇಕಿದ್ರೆ ತಗೊಂಡು ಹೋಗು. ಆದರೆ ತಿಂಗಳ ಕೊನೆಗೆ ಗೋಡೆ ಬೀಳುತ್ತೆ. ಅಷ್ಟರೊಳಗೆ ಎತ್ತಲಿಲ್ಲ ಅಂದ್ರೆ ಗುಜರಿಯವನು ಎತ್ತುತ್ತಾನೆ.”

ಗುಜರಿಯವನು ಆಗಲೇ ಬಂದು ಮಷೀನಿನ ಸುತ್ತ ಎರಡು ಸಲ ಸುತ್ತಿ ಹೋಗಿದ್ದನಂತೆ.

ಅವತ್ತು ಸಂಜೆ ನನ್ನ ಅಡುಗೆಮನೆಯ ಬಾಗಿಲಲ್ಲಿ ಬಂದು ಕೂತು ಅವಳೇ ಇದನ್ನೆಲ್ಲ ಹೇಳಿದಳು. “ದೊಡ್ಡಮ್ಮ, ನಿಮ್ಮ ಹೊಟ್ಟೆಗೆ ಬಿದ್ದ ಮಾತು ಮೇಲೆ ಬರಲ್ಲ. ಅದಕ್ಕೇ ಹೇಳ್ತಿದೀನಿ. ಮಷೀನು ನನ್ನ ಮನೆಗೆ ಬಂದು ಕೂತು ತಿರುಗೋವರೆಗೂ ಯಾರಿಗೂ ಬೇಡ.”

“ಗಂಡನಿಗೆ?”

“ಅವರಿಗೆ ಹೇಳೋದೂ ಒಂದೇ, ಮೈಕು ಕಟ್ಟೋದೂ ಒಂದೇ.”

ಮಷೀನು ಇಡಲು ಜಾಗ ಇತ್ತು. ಅವಳ ಮನೆಗೆ ಅಂಟಿಕೊಂಡು ಹಿಂದೆ ಸೌದೆ ಒಟ್ಟುತ್ತಿದ್ದ ಒಂದು ಕೋಣೆ. ತಗಡಿನ ಮಾಡು, ಮಣ್ಣಿನ ನೆಲ, ಕಾಲಿಟ್ಟರೆ ತಣ್ಣಗೆ ಒಸರುತ್ತದೆ. ಮೇಸ್ತ್ರಿಯನ್ನು ಕರೆತಂದು ತೋರಿಸಿದಳು. ಅವನು ಹಿಮ್ಮಡಿಯಲ್ಲಿ ನೆಲ ಕುಟ್ಟಿ ನೋಡಿ, “ನೆಲಕ್ಕೆಲ್ಲ ಕಾಂಕ್ರೀಟು ಹಾಕಬೇಕಕ್ಕ, ಇಲ್ಲಾಂದ್ರೆ ಹಿಟ್ಟಿನ ಚೀಲ ಕೊಳೀತಾವೆ. ಮಷೀನು ಕೂರೋಕೆ ಬೇರೆ ದಪ್ಪ ಕಾಂಕ್ರೀಟಿನ ಬೆಡ್ಡು ಹಾಕಬೇಕು, ಬೋಲ್ಟು ಕೂರಿಸಿ. ಬೆಡ್ಡಿಲ್ಲದೆ ಮಷೀನು ಹಾಕಿದ್ರೆ ಅದು ಕುಣ್ಕೊಂಡು ಬಾಗಿಲಿಗೆ ಬರುತ್ತೆ” ಅಂದ. ಹಾಕಿದ ಬೆಡ್ಡನ್ನು ಗೋಣಿ ಮುಚ್ಚಿ ನೀರು ಕುಡಿಸಿ ಗಟ್ಟಿ ಮಾಡಲು ದಿನ ಬೇಕು. ಅದರಿಂದ ಜಲ್ಲಿ ಬೇಗ ಬರಬೇಕು. ಸಿಮೆಂಟು, ಮರಳನ್ನು ಚೀಲದಲ್ಲಿ ಸ್ವಲ್ಪ ಸ್ವಲ್ಪ ತಂದು ಕೋಣೆಗೆ ಸೇರಿಸಿಕೊಂಡಳು. ಉಳಿದದ್ದು ಜಲ್ಲಿ. ಅದನ್ನು ಚೀಲದಲ್ಲಿ ಯಾರೂ ಕೊಡುವುದಿಲ್ಲ.

ಜಲ್ಲಿ ಅಂಗಡಿಯವನಿಗೆ ಫೋನು ಮಾಡಿದ್ದು ನನ್ನ ಮನೆಯಿಂದಲೇ.

“ದಾರಿ ಎಷ್ಟು ಅಗಲ ಇದೆ?” ಅಂದ ಅವನು.

“ಬೀರು ತಂದಾಗ ಸ್ವಲ್ಪ ಓರೆ ಮಾಡಿ ತಂದಿದ್ರು.”

“ನಂದು ಬೀರು ಅಲ್ಲಕ್ಕ, ಟಿಪ್ಪರು. ಅಳೆದು ಹೇಳಿ.”

ಅಳೆಯುವುದೇನು ಸುಲಭವೇ? ಟೇಪು ಹಿಡಿದರೆ ಹತ್ತು ಜನ ಕೇಳುತ್ತಾರೆ. ಬೆಳಕು ಹರಿಯುವ ಮೊದಲು ಒಂದು ಸೀರೆ ತಂದಳು. ಒಂದು ತುದಿ ನಾನು ಕರೆಂಟು ಕಂಬಕ್ಕೆ ಒತ್ತಿ ಹಿಡಿದೆ, ಅವಳು ಇಸ್ತ್ರಿ ಅಂಗಡಿಯ ಮೆಟ್ಟಿಲ ತನಕ ಎಳೆದಳು. ಅರ್ಧ ಸೀರೆಯೂ ಬೇಕಾಗಲಿಲ್ಲ. ಅಷ್ಟರಲ್ಲಿ ಹಾಲಿನವನು ಸೈಕಲ್ ನಿಲ್ಲಿಸಿ ನೋಡಿದ. ಮಧ್ಯಾಹ್ನಕ್ಕೆ ಓಣಿಯೆಲ್ಲ, ಗಿರಣಿಯಕ್ಕ ಬೆಳಗ್ಗೆ ಬೆಳಗ್ಗೆ ಓಣಿಗೆ ಸೀರೆ ಉಡಿಸ್ತಿದ್ದಳು ಅಂತ ನಗುತ್ತಿತ್ತು.

ಅಳತೆ ಕೇಳಿದ ಅಂಗಡಿಯವನು ನೋಡೇಬಿಡೋಣ ಅಂದ, ಮೊದಲ ಸಲ ಟಿಪ್ಪರು ಬಂತು. ಓಣಿಯ ಬಾಯಿಗೆ ಬಂದು ಉಸ್ ಅಂತ ನಿಂತಿತು. ಡ್ರೈವರ್ ಇಳಿದು, ಕಂಬ ನೋಡಿದ, ಮೆಟ್ಟಿಲು ನೋಡಿದ, ತಲೆ ಎತ್ತಿ ತಂತಿ ನೋಡಿದ. “ಒಳಗೆ ಹೋಗೋದು ಹಾಗಿರಲಿ, ಇಲ್ಲಿ ತೊಟ್ಟಿ ಎತ್ತಿದ್ರೂ ತಂತಿಗೆ ತಾಗುತ್ತೆ. ನಾನು ಮನೆಗೆ ಹೋಗ್ಬೇಕಮ್ಮ ಇವತ್ತು” ಅಂತ ತುಂಬಿದ ಗಾಡಿಯನ್ನೇ ತಿರುಗಿಸಿಕೊಂಡು ಹೋದ. ಇಸ್ತ್ರಿಯವನ ಹೆಂಡತಿ ಮೆಟ್ಟಿಲ ಮೇಲಿಂದ ಕೇಳಿದಳು: “ಯಾರಿಗಕ್ಕ ಬಂದಿದ್ದು ಅದು?”

“ದಾರಿ ತಪ್ಪಿ ಬಂದಿರಬೇಕು” ಅಂದಳು ಇವಳು, ಮುಖ ಎತ್ತದೆ.

ಎರಡನೆಯ ಸಲ ಅಂಗಡಿಯವನು ಲಗೇಜ್ ಆಟೋ ಕಳಿಸಿದ, ಸ್ವಲ್ಪ ಸ್ವಲ್ಪವಾಗಿ ಹೊಡೆಸೋಣ ಅಂತ. ನಮ್ಮ ಓಣಿ ಕಿರಿದಷ್ಟೇ ಅಲ್ಲ, ನಲ್ಲಿಯ ಮುಂದೆ ತಗ್ಗು. ಅಲ್ಲಿ ಬೇಸಿಗೆಯಲ್ಲೂ ಕೆಸರು ಆರುವುದಿಲ್ಲ, ಹೆಂಗಸರು ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ದಾಟಬೇಕು. ಆಟೋ ಅಲ್ಲಿ ಹೂತಿತು. ಗಾಲಿ ತಿರುಗಿದಷ್ಟೂ ಕೆಳಗೆ ಹೋಯಿತು, ಕೆಸರು ಗೋಡೆಗೆ ಸಿಡಿಯಿತು. ಓಣಿಯ ಗಂಡಸರೆಲ್ಲ ಬಂದು ಹಿಂದಕ್ಕೆ ನೂಕಿದರು. ಆಟೋದವನು ತನ್ನ ಏಳು ತಲೆಮಾರು ಈ ಕಡೆ ತಲೆ ಹಾಕುವುದಿಲ್ಲ ಅಂತ ಹೇಳಿ ಹೋದ. ಯಾರಿಗೆ ಬಂದಿತ್ತು ಅಂತ ಮತ್ತೆ ಕೇಳಿದರು. ಇವಳು ಗುಂಪಿನ ಹಿಂದೆ ನಿಂತು, ನನಗೇನು ಗೊತ್ತು ಅನ್ನುವ ಹಾಗೆ ಕೈ ತಿರುಗಿಸಿದಳು.

ನಾನು ಮನೆಗೆ ಬಂದ ಮೇಲೆ ಹೇಳಿದೆ: “ಇನ್ನು ಬಾಯಿ ಬಿಡು ಮಗಳೇ. ಜನ ಬಂದು ಕೈ ಹಾಕ್ತಾರೆ.”

“ಕೈ ಹಾಕೋ ಮೊದಲು ಬಾಯಿ ಹಾಕ್ತಾರೆ ದೊಡ್ಡಮ್ಮ.”

ಇಲ್ಲಿ ಒಬ್ಬರ ವಿಷಯ ಹೇಳಬೇಕು. ನಲ್ಲಿಯ ಎದುರು ಮನೆಯಲ್ಲಿ ರಿಟೈರಾದ ಬಸ್ ಕಂಡಕ್ಟರ್ ಒಬ್ಬರಿದ್ದಾರೆ. ಎಲ್ಲರೂ ಅಧ್ಯಕ್ಷರು ಅನ್ನುತ್ತಾರೆ. ಯಾವ ಸಂಘದ ಅಧ್ಯಕ್ಷರು ಅಂತ ಯಾರೂ ಕೇಳಿಲ್ಲ. ಓಣಿಗೆ ಜಲ್ಲಿ ಹಾಕಿಸಬೇಕು ಅಂತ ವಾರ್ಡ್ ಆಫೀಸಿಗೆ ಅಲೆದು ಅಲೆದು ಅವರ ಚಪ್ಪಲಿ ಸವೆದಿವೆ. ಅಲ್ಲಿಯವರು ಆಯ್ತು ಸ್ವಾಮಿ ಅಂತಾರೆ, ಇವರು ಬಂದು ಆಯ್ತಂತೆ ಅಂತಾರೆ, ನಾವು ಚಪ್ಪಲಿ ಕೈಗೆತ್ತಿಕೊಳ್ಳುತ್ತೇವೆ. ಒಂದು ಸಲ ಚರಂಡಿ ಪೈಪು ನಿಜವಾಗಿಯೂ ಬಂದು ಓಣಿಯ ಬಾಯಲ್ಲಿ ಬಿದ್ದಿತ್ತು. ಯಾರದ್ದು ಏನು ಅಂತ ನಾವು ನೋಡುತ್ತ ಕೂತೆವು. ಸಂಜೆಗೆ ಪಕ್ಕದ ಬೀದಿಯವರು ನಮ್ಮದು ಅಂತ ಹೊತ್ತುಕೊಂಡು ಹೋದರು. ಆ ಹೊಟ್ಟೆಯುರಿ ಅಧ್ಯಕ್ಷರಿಗೆ ಇನ್ನೂ ಆರಿಲ್ಲ. ಈಗ ಎರಡು ಸಲ ಜಲ್ಲಿ ಗಾಡಿ ಬಂದು ಹೋದದ್ದನ್ನು ನೋಡಿ ಅವರು ಎಲ್ಲರಿಗೂ ಹೇಳಿದರು: “ಜಾಗ ನೋಡ್ಕೊಂಡು ಹೋಗೋಕೆ ಬಂದಿದ್ರು. ಆಫೀಸಿಂದ. ಇನ್ನೇನು ಬಂದೇ ಬಿಡ್ತು.”

ಇವಳು ಕೊನೆಗೆ ಒಂದು ದಾರಿ ಹುಡುಕಿದಳು. ಓಣಿಯ ಬಾಯಿಂದ ಸ್ವಲ್ಪ ಆಚೆ, ತಂತಿ ಇಲ್ಲದ ಕಡೆ ಟಿಪ್ಪರು ಸುರಿದು ಹೋಗುವುದು. ಮಧ್ಯಾಹ್ನ ಗಿರಣಿ ಮುಚ್ಚಿದ ಕೂಡಲೇ ಅವಳು ಇಬ್ಬರು ಹಮಾಲರನ್ನು ಕರೆದುಕೊಂಡು ಬಂದು, ಬಾಂಡ್ಲಿಯಲ್ಲಿ ಹೊರಿಸಿ ಸಂಜೆಯೊಳಗೆ ಕೋಣೆಗೆ ಸೇರಿಸುವುದು. ಮರುದಿನ ಮೇಸ್ತ್ರಿ ಕೆಲಸ ಶುರು. ಅಂಗಡಿಯವನು ಮಧ್ಯಾಹ್ನವೇ ಸುರಿಸುತ್ತೇನೆ ಅಂತ ಮಾತು ಕೊಟ್ಟ.

ಆದರೆ ಟಿಪ್ಪರು ಬಂದದ್ದು ಬೆಳಗ್ಗೆ. ಬಿಸಿಲೇರಿದ ಮೇಲೆ ದೊಡ್ಡ ಗಾಡಿಗಳನ್ನು ಊರೊಳಗೆ ಬಿಡುವುದಿಲ್ಲವಂತೆ, ಅದು ಅಂಗಡಿಯವನಿಗೆ ಆಮೇಲೆ ನೆನಪಾಯಿತಂತೆ. ಡ್ರೈವರ್ ಫೋನು ಮಾಡಿದ. ಗಿರಣಿ ತಿರುಗುವಾಗ ಪಕ್ಕದಲ್ಲಿ ನಿಂತವರು ಕೂಗಿದ್ದೇ ಕೇಳಿಸುವುದಿಲ್ಲ, ಸೊಂಟದ ಫೋನು ಎಲ್ಲಿ ಕೇಳಿಸಬೇಕು? ಅವನು ಸುರಿದು ಹೋದ. ನಾನಾದರೂ ಇದ್ದಿದ್ದರೆ ಬೇರೆ ಮಾತು. ನಾನು ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಮುಂದಿನದನ್ನು ಹತ್ತು ಬಾಯಿಂದ ಕೇಳಿಸಿಕೊಂಡು ಹೇಳುತ್ತಿದ್ದೇನೆ.

ಜಲ್ಲಿ ಸುರಿದ ಸದ್ದಿಗೆ ಅಧ್ಯಕ್ಷರು ಬನಿಯನ್ನಿನಲ್ಲೇ ಹೊರಗೆ ಬಂದರು. ಗುಡ್ಡೆ ನೋಡಿದರು. ಕಣ್ಣಲ್ಲಿ ನೀರು ಬಂತು ಅಂತ ಇಸ್ತ್ರಿಯವನು ಹೇಳುತ್ತಾನೆ, ಧೂಳು ಹೋಗಿತ್ತು ಅಂತ ಅವನ ಹೆಂಡತಿ ಹೇಳುತ್ತಾಳೆ. “ನೋಡ್ರಪ್ಪ, ಪೈಪಿನ ಹಾಗೆ ಆಗಬಾರದು. ಸಂಜೆ ತನಕ ಬಿಟ್ರೆ ಪಕ್ಕದ ಬೀದಿಗೆ ಹೋಗುತ್ತೆ. ಹರಡಿದ ಮೇಲೆ ಯಾರು ಹೆಕ್ಕೊಂಡು ಹೋಗ್ತಾರೆ? ತಗೊಳ್ರಿ ಸಲಿಕೆ” ಅಂದರು.

ಇಡೀ ಓಣಿ ಇಳಿಯಿತು. ಒಂದು ದಿನಕ್ಕೂ ಒಟ್ಟಿಗೆ ಚರಂಡಿ ಬಳಿಯದ ಜನ ಅವತ್ತು ಸಾಲಾಗಿ ನಿಂತು ಬಾಂಡ್ಲಿ ದಾಟಿಸಿದರು. ಅಧ್ಯಕ್ಷರು ಮಧ್ಯೆ ನಿಂತು, “ಒಳಗೆ ಹೋಗ್ರಿ, ಒಳಗೆ ಜಾಗ ಇದೆ, ಬಾಗಿಲಲ್ಲೇ ನಿಲ್ಲಬೇಡಿ” ಅಂತ ಹಳೆಯ ಅಭ್ಯಾಸದಲ್ಲಿ ಕೂಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ದುಡಿದವನು ಯಾರು ಅಂದರೆ, ಅವಳ ಗಂಡ. ಡ್ಯೂಟಿ ಮುಗಿಸಿ ಬಂದವನು ಟೀ ಕೂಡ ಕುಡಿಯದೆ ಗುದ್ದಲಿ ಹಿಡಿದಿದ್ದ. ತನ್ನ ಮನೆಯ ಮುಂದಂತೂ ಹಲಗೆ ಎಳೆದು ನೀರು ಹೊಡೆದು ಕುಟ್ಟಿ ಸಮ ಮಾಡಿದ. ಹೆಂಡತಿ ಬಂದು ನೋಡಿ ಖುಷಿಪಡಲಿ ಅಂತ.

ನಾನು ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬರುವುದಕ್ಕೂ, ಅವಳು ಹಮಾಲರ ಜೊತೆ ಓಣಿಯ ಬಾಯಿಗೆ ಬರುವುದಕ್ಕೂ ಸರಿಹೋಯಿತು. ಗುಡ್ಡೆ ಇರಬೇಕಾದ ಕಡೆ ಒದ್ದೆ ಗುರುತು ಮಾತ್ರ ಇತ್ತು. ಓಣಿ ಉದ್ದಕ್ಕೂ ಬೂದು ಬಣ್ಣದ ಜಲ್ಲಿ, ಹಾಸಿಗೆ ಹಾಸಿದ ಹಾಗೆ.

“ಬಾ ಅಕ್ಕ, ಬಾ. ಚಪ್ಪಲಿ ಹಾಕ್ಕೊಂಡೇ ಬಾ” ಅಂದಳು ಇಸ್ತ್ರಿಯವನ ಹೆಂಡತಿ. “ಚಪ್ಪಲಿ ಕೈಲಿ ಹಿಡಿಯೋ ಕಾಲ ಮುಗೀತು.”

ಗಂಡ ಅಂಗೈ ಚಾಚಿ ಬೊಬ್ಬೆ ತೋರಿಸಿದ. “ನೋಡೇ. ನಮ್ಮನೆ ಮುಂದಿಂದು ನಾನೇ ಮಾಡಿದ್ದು.”

ಅವಳು ಅವನ ಅಂಗೈ ನೋಡಿದಳು. ನೆಲ ನೋಡಿದಳು. ಜಲ್ಲಿಯ ಮೇಲೆ ಕರಕರ ಅಂತ ನಡೆದುಕೊಂಡು ಹೋಗಿ ಮನೆಯೊಳಗೆ ಸೇರಿ ಅಗುಳಿ ಹಾಕಿಕೊಂಡಳು. ಹಮಾಲರು ಬಾಗಿಲ ಹೊರಗೆ ನಿಂತು, “ಅಮ್ಮಾ, ಎಲ್ಲಿಂದ ಹೊರಬೇಕು?” ಅಂತ ಮೂರು ಸಲ ಕೇಳಿ, ಉತ್ತರ ಸಿಗದೆ ಹೋದರು.

ನಾನು ಹಿಂದಿನ ಬಾಗಿಲಿಂದ ಒಳಗೆ ಹೋದೆ. ಸೌದೆ ಕೋಣೆಯಲ್ಲಿ ಸಿಮೆಂಟಿನ ಚೀಲದ ಮೇಲೆ ಕೂತಿದ್ದಳು. ಹುಬ್ಬಿನ ಹಿಟ್ಟು ಕೂಡ ಒರೆಸಿಕೊಂಡಿರಲಿಲ್ಲ.

“ಯಾರನ್ನ ಬೈಯಲಿ ದೊಡ್ಡಮ್ಮ? ಕದ್ದಿದ್ರೆ ಕಳ್ಳರು ಅಂತ ಬೈಬಹುದಿತ್ತು. ಇವರು ಬೆವರು ಸುರಿಸಿ ಹಾಳು ಮಾಡಿದಾರೆ. ಅದರ ಮೇಲೆ ನನ್ನ ಯಜಮಾನರು ಬೊಬ್ಬೆ ತೋರಿಸ್ತಾರೆ.”

ಅಂಗಡಿಯವನಿಗೆ ಫೋನು ಮಾಡಿದರೆ, ಇನ್ನೊಂದು ಲೋಡು ಮುಂದಿನ ತಿಂಗಳೇ ಅಂದ. ಮೊದಲೇ ಹೇಳಿದವರು ಸಾಲಲ್ಲಿ ಇದ್ದಾರಂತೆ. ಮುಂದಿನ ತಿಂಗಳಿಗೆ ಮಷೀನು ಗುಜರಿಯಲ್ಲಿ ಇರುತ್ತದೆ. ಸಂಜೆ ಮುಂದೆ ಮೇಸ್ತ್ರಿ ಬಂದ, ನಾಳೆಯ ಕೆಲಸಕ್ಕೆ ಎಲ್ಲ ಸರಿ ಇದೆಯಾ ನೋಡಲು.

“ಜಲ್ಲಿ ಎಲ್ಲಕ್ಕ?”

“ತುಳ್ಕೊಂಡು ಬಂದ್ಯಲ್ಲಪ್ಪ, ಅದೇ.”

ಅವನಿಗೆ ನಗು ಬಂತು, ಅವಳ ಮುಖ ನೋಡಿ ಕೆಮ್ಮಿದ. ಹೊರಗೆ ಹೋಗಿ ಒಂದು ಹಿಡಿ ಕೆದಕಿ ತಂದ. “ಮಣ್ಣು ಮೆತ್ತಿದೆ. ಹೀಗೇ ಹಾಕಿದ್ರೆ ಸಿಮೆಂಟು ಹಿಡಿಯಲ್ಲ, ಬೋಲ್ಟು ಕಿತ್ತು ಬರುತ್ತೆ. ಮೇಲ್ಮೇಲಿಂದು ಕೆರೆದು, ಜರಡಿ ಹಿಡಿದು, ತೊಳೆದ್ರೆ ಬೆಡ್ಡಿಗೆ ಆದೀತು. ನೆಲದ ಆಸೆ ಬಿಡಿ. ಆದರೆ ಬೇಗ. ಇನ್ನೆರಡು ದಿನ ಗಾಡಿ ಸೈಕಲ್ಲು ಓಡಾಡಿದ್ರೆ ಅದೂ ಇಲ್ಲ. ಆಮೇಲೆ ನಂಗೂ ಬೇರೆ ಕಡೆ ಕೆಲಸ ಇದೆ.”

ಕೆರೆಯಬೇಕು ಅಂದರೆ ಹೇಳಬೇಕು. ಬೇರೆ ದಾರಿಯಿಲ್ಲ. ಅವಳು ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸಂಜೆ ನಲ್ಲಿಗೆ ನೀರು ಬರುವ ಹೊತ್ತು. ಕೊಡ ಬಕೆಟ್ಟು ಸಾಲಾಗಿ ಇದ್ದವು. ಎಲ್ಲರೂ ಹೊಸ ಜಲ್ಲಿಯ ಮೇಲೆ ನಿಂತು ಅದರ ಮಾತೇ ಆಡುತ್ತಿದ್ದರು. ಅವಳು ಹೋಗಿ ನಡುವೆ ನಿಂತಳು.

“ಅದು ನಂದು” ಅಂದಳು.

“ಯಾವ ಕೊಡ ಅಕ್ಕ?”

“ಕೊಡ ಅಲ್ಲ. ನೀವು ನಿಂತಿರೋದು. ಜಲ್ಲಿ. ನಾನು ತರಿಸಿದ್ದು.”

ನೀರು ತುಂಬಿ ಒಂದು ಬಕೆಟ್ಟು ಹರಿಯುತ್ತಿದ್ದರೂ ಯಾರೂ ಎತ್ತಲಿಲ್ಲ. ಅವಳು ಹೇಳಿದಳು: ಗಿರಣಿ, ಮಾಲೀಕರು, ಬೆಡ್ಡು, ಗುಜರಿಯವನು, ತಿಂಗಳ ಕೊನೆ. ಒಂದೇ ಉಸಿರಿಗೆ, ಯಾರ ಮುಖವನ್ನೂ ನೋಡದೆ, ಇಷ್ಟು ವರ್ಷ ಉಳಿಸಿಟ್ಟದ್ದನ್ನೆಲ್ಲ ಒಂದೇ ಸಲ ಸುರಿದ ಹಾಗೆ.

ಮೊದಲು ಬಾಯಿ ಬಿಟ್ಟವನು ಗಂಡ. “ನಮ್ದಾ? ನಮ್ಮ ಜಲ್ಲಿನಾ ನಾನು...” ಅಂತ ತನ್ನ ಕೈ ನೋಡಿಕೊಂಡ. “ನಂಗೊಂದು ಮಾತು ಹೇಳಬಾರದಿತ್ತೇನೇ?”

“ನಿಮಗೆ ಹೇಳಿದ್ರೆ ಗುಜರಿಯವನೇ ಬಂದು ನಂಗೆ ವಿಷಯ ತಿಳಿಸ್ತಿದ್ದ.”

ಇಸ್ತ್ರಿಯವನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. “ನಿಂತ್ಕೋ ಅಕ್ಕ. ಮೊನ್ನೆ ಟಿಪ್ಪರು ಬಂದಾಗ ನಾನೇ ಕೇಳ್ದೆ, ಯಾರಿಗೆ ಬಂದಿದ್ದು ಅಂತ. ದಾರಿ ತಪ್ಪಿ ಬಂದಿರಬೇಕು ಅಂದೆ. ಆಟೋ ಹೂತಾಗ ನನ್ನ ಗಂಡ ಸೊಂಟ ಉಳುಕಿಸ್ಕೊಂಡು ನೂಕಿದ್ರು, ಆಗ್ಲೂ ಕೇಳ್ದೆ. ಕೈ ತಿರುಗಿಸಿದೆ. ಈಗ ಬಂದು ನಮ್ಮ ಮೇಲೆ ಹಾರ್ತೀಯಲ್ಲ?”

ಆ ಮಾತು ನಿಜವೇ. ಅದೇ ಅವಳಿಗೆ ಎಲ್ಲಕ್ಕಿಂತ ಉರಿದದ್ದು. ಅಳುತ್ತಾಳೆ ಅಂದುಕೊಂಡೆವು, ಅಳಲಿಲ್ಲ. “ಹೌದು, ಅಂದೆ. ತಪ್ಪು ನಂದೇ ಅಂತ ಇಟ್ಕೊಳ್ಳಿ. ಮಷೀನು ನಂಗೆ ಬೇಕು. ಜಲ್ಲಿ ಕೆರೀತೀನಿ. ಅಡ್ಡ ಬರಬೇಡಿ” ಅಂದಳು.

ಅಧ್ಯಕ್ಷರು ಮಾತ್ರ ಒಪ್ಪಲಿಲ್ಲ. ಪಾಪ, ಅವರ ಮುಖ ನೋಡಲಾಗುತ್ತಿರಲಿಲ್ಲ. “ಆಗಲ್ಲಮ್ಮ. ಆಫೀಸಿನವರು ನಂಗೇ ಹೇಳಿದಾರೆ ಕಳಿಸ್ತೀವಿ ಅಂತ. ನಿಂದು ಬೇರೆ ಎಲ್ಲೋ ಬಿದ್ದಿರಬೇಕು, ಹುಡುಕು. ಇದು ಸರ್ಕಾರದ್ದು.”

“ಸರ್ಕಾರದ್ದಾದ್ರೆ ಹಮಾಲರನ್ನ ನಾನು ಯಾಕೆ ಕರ್ಕೊಂಡು ಬರ್ತೀನಿ?”

“ಅದನ್ನ ನೀನೇ ಹೇಳಬೇಕು. ನಿನ್ನ ವಿಷಯ ಯಾರಿಗೆ ಗೊತ್ತಾಗುತ್ತೆ?” ಅಂದವರು ತಮ್ಮ ಬಾಗಿಲ ಮುಂದೆ, ನಲ್ಲಿಯ ಪಕ್ಕ, ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. “ಉಳಿದದ್ದು ಏನಾದ್ರೂ ಮಾಡ್ಕೊಳ್ಳಿ. ಈ ತಗ್ಗಿಂದು ಒಂದು ಕಲ್ಲು ಅಲ್ಲಾಡೋ ಹಾಗಿಲ್ಲ.”

ಮರುದಿನ ಕೆರೆಯುವ ಕೆಲಸ. ಹಿಂದಿನ ದಿನದ ಹುರುಪು ಎಲ್ಲಿಂದ ಬರಬೇಕು? ಗೊಣಗಿಕೊಂಡು ಬಂದವರು ಕೆಲವರು, ಬಾಗಿಲು ಮುಚ್ಚಿಕೊಂಡವರು ಕೆಲವರು. ಗಂಡ ತಾನು ಕುಟ್ಟಿ ಸಮ ಮಾಡಿದ್ದನ್ನು ತಾನೇ ಹಾರೆ ಹಾಕಿ ಎಬ್ಬಿಸಿದ. ಅಷ್ಟು ಚೆನ್ನಾಗಿ ಕುಟ್ಟಿದ್ದರಿಂದ ಎಲ್ಲರಿಗಿಂತ ಹೆಚ್ಚು ಕಷ್ಟ ಅವನಿಗೇ ಆಯಿತು. “ಇಷ್ಟು ಗಟ್ಟಿಯಾಗಿ ಯಾವ ಪುಣ್ಯಾತ್ಮ ಕುಟ್ಟಿದ್ನೋ” ಅಂತ ಇಸ್ತ್ರಿಯವನು ಅನ್ನುತ್ತಲೇ ಇದ್ದ. ಇಸ್ತ್ರಿಯವನ ಹೆಂಡತಿ ಜಗಳವಾಡಿದವಳೇ ಜರಡಿ ತಂದಳು. ಕೊಡಲಿಲ್ಲ, ತಾನೇ ಹಿಡಿದು ಕೂತಳು. ಇಬ್ಬರೂ ಒಂದೇ ಜರಡಿಯ ಎರಡು ತುದಿ ಹಿಡಿದು ಅಲ್ಲಾಡಿಸಿದರು, ಒಬ್ಬರಿಗೊಬ್ಬರು ಮಾತಾಡಲಿಲ್ಲ.

ತೊಳೆಯಲು ನಲ್ಲಿಯೇ ಗತಿ. ನಲ್ಲಿಯಲ್ಲಿ ನೀರು ಬರುವುದೇ ಸ್ವಲ್ಪ ಹೊತ್ತು.

“ನಮ್ಗೆ ಕುಡಿಯೋಕೆ ನೀರಿಲ್ಲ, ಇವಳು ಕಲ್ಲಿಗೆ ಸ್ನಾನ ಮಾಡಿಸ್ತಾಳೆ” ಅಂತ ಹಿಂದೆ ನಿಂತವರು ಅಂದರು. ಅವಳು ಕೇಳಿಸಿಕೊಂಡೂ ಬಾಂಡ್ಲಿ ತೆಗೆಯಲಿಲ್ಲ. ನಾನು ನನ್ನ ಪಾಳಿಯ ನೀರು ಬಿಟ್ಟುಕೊಟ್ಟೆ. ಅದಕ್ಕೂ ಒಂದು ಒಳ್ಳೆ ಮಾತು ಅವಳ ಬಾಯಿಂದ ಬರಲಿಲ್ಲ. ಹಲ್ಲು ಕಚ್ಚಿಕೊಂಡೇ ಇದ್ದಳು. ತೊಳೆದ ನೀರೆಲ್ಲ ಹರಿದು, ಕೆರೆದ ಕಡೆಯೆಲ್ಲ ಮೊದಲಿಗಿಂತ ಹೆಚ್ಚು ಕೆಸರಾಯಿತು. ಅಧ್ಯಕ್ಷರು ಕುರ್ಚಿಯಿಂದ ಏಳಲೇ ಇಲ್ಲ. ಅವರ ಮುಂದಿನ ತಗ್ಗು ಮಾತ್ರ ಜಲ್ಲಿ ತುಂಬಿಕೊಂಡು ಗಟ್ಟಿಯಾಗಿ ಉಳಿಯಿತು.

ಸಿಕ್ಕಿದ ಜಲ್ಲಿ ಬೆಡ್ಡಿಗೆ ಸಾಕಾಯಿತು, ಬೆಡ್ಡಿಗೆ ಮಾತ್ರ. ಮೇಸ್ತ್ರಿ ಹಲಗೆ ಕಟ್ಟಿ, ಬೋಲ್ಟು ನೆಟ್ಟು, ಹಾಕಿ ಹೋದ. ಅವಳು ಗಿರಣಿಗೆ ಹೋಗುವ ಮೊದಲು, ಬಂದ ಮೇಲೆ, ಗೋಣಿ ಎತ್ತಿ ನೀರು ಹಾಕುವಳು, ಉಗುರಲ್ಲಿ ಗೀರಿ ನೋಡುವಳು. ಗಂಡನ ಜೊತೆ ಮಾತು ಬಿಟ್ಟಿದ್ದಳು. ಅವನು ನನ್ನ ಹತ್ತಿರ ಬಂದು, “ಊಟಕ್ಕೆ ಬನ್ನಿ ಅಂತ ತಟ್ಟೆ ಕುಟ್ಟಿ ಹೇಳ್ತಾಳೆ ದೊಡ್ಡಮ್ಮ” ಅಂತ ಹೇಳಿಕೊಂಡ.

ಗೋಡೆ ಕೆಡವುವ ಹಿಂದಿನ ದಿನ ಮಷೀನು ಬಂತು. ಬೆಡ್ಡು ಇನ್ನೂ ಹಸಿ. ಇಡಬಹುದು, ತಿರುಗಿಸಬೇಡಿ ಅಂತ ಮೇಸ್ತ್ರಿ ಹೇಳಿದ್ದ. ಬೇರೆ ಒಬ್ಬನ ಲಗೇಜ್ ಆಟೋ ಇಸ್ತ್ರಿ ಅಂಗಡಿ ದಾಟಿತು, ವಾಲಾಡಿಕೊಂಡು ಕೆಸರಲ್ಲಿ ಬಂತು, ನಲ್ಲಿಯ ತಗ್ಗಿಗೆ ಬಂದು ಹೂಳದೆ ಗಟ್ಟಿಯಾಗಿ ನಿಂತಿತು. ಅದರಾಚೆ ಕೆರೆದ ನೆಲ, ತೊಳೆದ ನೀರು ನಿಂತು ಇನ್ನೂ ಆಳದ ಕೆಸರು. ಅಲ್ಲಿಗೆ ಹೋಗಲಾರೆ ಅಂದ ಡ್ರೈವರ್.

ಅಧ್ಯಕ್ಷರು ಕುರ್ಚಿಯಲ್ಲೇ ಇದ್ದರು. “ನೋಡಿದ್ರಾ? ನಾನು ಬಿಟ್ಟುಕೊಡದೇ ಇದ್ದದ್ದಕ್ಕೆ ಗಾಡಿ ಇಲ್ಲೀ ತನಕ ಬಂತು. ಎಲ್ಲಾ ಕೆರೆದಿದ್ರೆ?”

ಅವಳು ಅವರನ್ನು ನೋಡಿದ ನೋಟದಲ್ಲಿ ಹಾಲು ಒಡೆಯಬೇಕು. ಆದರೆ ಹೊತ್ತು ಹೋಗುತ್ತಿತ್ತು, ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಅವಳು ಮನೆ ಮನೆಯ ಬಾಗಿಲಿಗೆ ಹೋದಳು. ನಾನು ಅವಳನ್ನು ಇಷ್ಟು ವರ್ಷದಿಂದ ನೋಡಿದ್ದೇನೆ, ಯಾರ ಬಾಗಿಲಲ್ಲೂ ನಿಂತು ಕೇಳಿದವಳಲ್ಲ. “ಮಷೀನು ಬಂದಿದೆ. ಎತ್ತಬೇಕು. ಬನ್ನಿ” ಅಂದಳು, ಅಷ್ಟೇ. ಪ್ರತಿ ಬಾಗಿಲಲ್ಲೂ ಅದೇ ಮೂರು ಮಾತು, ಸಾಲ ವಸೂಲಿಗೆ ಬಂದವಳ ದನಿಯಲ್ಲಿ.

ಬಂದರು. ಎರಡು ಬಿದಿರು, ಹಗ್ಗ. ಗಂಡ ಮುಂದೆ, ಇಸ್ತ್ರಿಯವನು ಉಳುಕಿದ ಸೊಂಟಕ್ಕೆ ಟವೆಲ್ ಬಿಗಿದು ಹಿಂದೆ. ಅಧ್ಯಕ್ಷರು ಸ್ವಲ್ಪ ಹೊತ್ತು ನೋಡಿ, ಕುರ್ಚಿ ಬಿಟ್ಟು ಎದ್ದು ಬಂದು ಹಗ್ಗದ ತುದಿ ಹಿಡಿದರು. ಕೆಸರಲ್ಲಿ ಕಾಲು ಹುಗಿಯುತ್ತ ಕೀಳುತ್ತ ಹೋದರು. ಅವಳು ಪಕ್ಕದಲ್ಲೇ ಬಡಬಡಿಸಿಕೊಂಡು ಬಂದಳು: “ನೋಡ್ಕೊಂಡು. ಓರೆ ಮಾಡಬೇಡಿ. ಇದನ್ನೂ ಬೀದಿಗೆ ಹರಡಿಬಿಟ್ಟೀರಿ.” ನಗು ಬಂದು ಇಸ್ತ್ರಿಯವನ ಕೈ ಸಡಿಲವಾಯಿತು. ಅವಳು ನಗಲಿಲ್ಲ. ಮಷೀನು ಬೆಡ್ಡಿನ ಮೇಲೆ ಇಳಿದು, ಬೋಲ್ಟು ತೂತಿಗೆ ಸರಿಯಾಗಿ ಕೂತ ಮೇಲೆ ಸ್ಪ್ಯಾನರ್ ತೆಗೆದುಕೊಂಡು ನಟ್ಟುಗಳನ್ನು ತಾನೇ ಬಿಗಿದಳು, ಯಾರ ಕೈಗೂ ಕೊಡದೆ.

ಈಗ ಗಿರಣಿ ತಿರುಗುತ್ತದೆ. ನಮ್ಮ ಗೋಡೆ ಬೆಳಗ್ಗೆಯಿಂದ ಗುಂಯ್‌ಗುಡುತ್ತದೆ, ನನಗೆ ಅದು ಅಭ್ಯಾಸವಾಗಿದೆ. ನೆಲ ಇನ್ನೂ ಮಣ್ಣಿನದೇ. ಚೀಲಗಳನ್ನು ಹಲಗೆಯ ಮೇಲೆ ಇಟ್ಟಿದ್ದಾಳೆ. ಇನ್ನೊಂದು ಲೋಡು ತರಿಸೋಣ ಅಂತ ಗಂಡ ಒಂದು ಸಲ ಬಾಯಿ ತೆಗೆದು, ಮತ್ತೆ ಎರಡು ದಿನ ತಟ್ಟೆ ಕುಟ್ಟಿಸಿಕೊಂಡ.

ಬೀಸಿಸಿಕೊಳ್ಳಲು ಬರುವವರೆಲ್ಲ ನಲ್ಲಿಯ ತಗ್ಗನ್ನು ದಾಟಿಕೊಂಡೇ ಬರಬೇಕು. ಅಲ್ಲಿಯ ಜಲ್ಲಿಕಲ್ಲು ಒಂದೊಂದು ಚಪ್ಪಲಿಗೆ ಸಿಕ್ಕಿಕೊಳ್ಳುತ್ತದೆ. ಗಿರಣಿಯ ಹೊಸ್ತಿಲಿಗೆ ಬಂದು ಚಪ್ಪಲಿ ಕೊಡವಿದರೆ ಟಕ್ ಅಂತ ಬೀಳುತ್ತದೆ. ನಿನ್ನೆ ಯಾರೋ ಹೊಸ ಹೆಂಗಸು ಅದನ್ನು ಕಾಲಲ್ಲಿ ಹೊರಗೆ ತಳ್ಳಲು ಹೋದಳು.

“ಹೊರಗೆ ಹಾಕಬೇಡಮ್ಮ. ಅದು ನಂದು, ಒಳಗೇ ಇರಲಿ” ಅಂದಳು ಇವಳು. ಗಿರಣಿಯ ಸದ್ದಿಗೆ ಆ ಹೆಂಗಸಿಗೆ ಕೇಳಿಸಲಿಲ್ಲ. ಇವಳೇ ಎದ್ದು ಬಂದು, ಕಲ್ಲನ್ನು ಎತ್ತಿಕೊಂಡು ಹೋಗಿ, ನೆಲ ಒಸರುವ ಮೂಲೆಯಲ್ಲಿಟ್ಟು ಹಿಮ್ಮಡಿಯಿಂದ ಒತ್ತಿದಳು.